ಈಗ ಹುಟ್ಟಿದ ಮಗುವಿನ ಜಾತಕ

ಹೋದ ವಾರ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಎತ್ತಿಡಲು ಮೇಜಿನ ಕೆಳಗಿನ ಡ್ರಾಯರ್ ಖಾಲಿ ಮಾಡುತ್ತಿದ್ದೆ. ಒಣಗಿದ ಸ್ಟಾಂಪ್ ಪ್ಯಾಡು, ಯಾರೋ ಮರೆತುಹೋದ ಪಾಸ್‌ಪೋರ್ಟ್ ಸೈಜಿನ ಫೋಟೊಗಳು, ಕೆಲಸ ಬಿಟ್ಟ ಮೌಸು... ಎಲ್ಲದರ ತಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಎರಡೂ ಅಂಚಿಗೆ ತೂತುಗಳಿರುವ, ಹಳೇ ಪ್ರಿಂಟರಿನ ಕಾಗದ. ಬಿಡಿಸಿದೆ. ನಶ್ಯದ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದ ಮೇಲೂ! ಗಟ್ಟಿಯಾಗಿ ಒಂದು ಸೀನು ಸೀನಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಾಳೆಯ ಮೇಲೆ ಹನ್ನೆರಡು ಮನೆಗಳ ಜಾತಕದ ಚೌಕ. ಅದರ ಒಂದು ಮನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ ಬರೆದಿತ್ತು: ‘ಸೂರ್ಯ ಇಲ್ಲಿಲ್ಲ. ಹೊರಗೆ ಹೋಗಿ ನೋಡು.’

ಅದು ಜೋಯಿಸರ ಅಕ್ಷರ.

ದೇವನಹಳ್ಳಿ ಹತ್ತಿರದ ನಮ್ಮ ವಿಜಯಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಜೋಯಿಸರು. ಎರಡು ತಲೆಮಾರಿನ ಮಕ್ಕಳ ಜಾತಕ ಬರೆದವರು, ಊರಿನ ಅರ್ಧ ಮದುವೆಗಳಿಗೆ ಮುಹೂರ್ತ ಇಟ್ಟವರು. ನಮ್ಮ ಬೀದಿಯ ಕೊನೆಯ ಮನೆ ಅವರದು. ಬೆಳಗಾದರೆ ಅವರ ಜಗಲಿಯ ಮೇಲೆ ಯಾರಾದರೊಬ್ಬರು ಕೂತೇ ಇರುತ್ತಿದ್ದರು. ಒಂದು ಜಾತಕಕ್ಕೆ ಅವರಿಗೆ ಎರಡು ದಿನ ಬೇಕು. ಪಂಚಾಂಗ ತೆರೆದು, ಸ್ಲೇಟಿನ ಮೇಲೆ ಲೆಕ್ಕ ಹಾಕಿ, ಒರೆಸಿ, ಮತ್ತೆ ಹಾಕಿ, ಎರಡೂ ಸಲ ಒಂದೇ ಉತ್ತರ ಬಂದರೆ ಮಾತ್ರ ಕಾಗದಕ್ಕೆ ಇಳಿಸುತ್ತಿದ್ದರು.

ಅಂಥ ಬೀದಿಯಲ್ಲಿ ನಾನು ಅಂಗಡಿ ತೆರೆದೆ. ಅಪ್ಪ ರೇಷ್ಮೆ ನೂಲು ತೆಗೆಯುವ ಕೆಲಸ ನಿಲ್ಲಿಸಿದ್ದ ವರ್ಷ ಅದು. ನನಗೆ ಇಪ್ಪತ್ತನಾಲ್ಕು. ಬೋರ್ಡಿನ ಮೇಲೆ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್, ಕೊನೆಯ ಸಾಲಿನಲ್ಲಿ ಕಂಪ್ಯೂಟರ್ ಜಾತಕ. ಗ್ರಹ ನಕ್ಷತ್ರಗಳ ಗಂಧಗಾಳಿ ನನಗಿರಲಿಲ್ಲ. ಕಂಪ್ಯೂಟರ್ ಮಾರಿದವನು ಜಾತಕದ ಸಾಫ್ಟ್‌ವೇರನ್ನೂ ಹಾಕಿಕೊಟ್ಟಿದ್ದ, ಅಷ್ಟೇ. ಹುಟ್ಟಿದ ದಿನ, ಗಂಟೆ, ಊರು ಟೈಪ್ ಮಾಡಿದರೆ ಹತ್ತು ನಿಮಿಷದಲ್ಲಿ ಗಣಪತಿಯ ಚಿತ್ರದ ಸಮೇತ ಎಂಟು ಹಾಳೆ ಹೊರಗೆ ಬರುತ್ತಿತ್ತು. ಜನ ಮುಗಿಬಿದ್ದರು. ವರ್ಷ ತಿರುಗುವುದರೊಳಗೆ ಜೋಯಿಸರ ಜಗಲಿ ಖಾಲಿಯಾಯಿತು.

ಅವರು ನನ್ನ ಮೇಲೆ ಸಿಟ್ಟಾಗಬೇಕಿತ್ತು. ಅದು ಬಿಟ್ಟು ದಿನಾ ಬೆಳಿಗ್ಗೆ ನನ್ನ ಅಂಗಡಿಗೇ ಬಂದು, ಗೋಡೆ ಬದಿಯ ಬೆಂಚಿನ ತುದಿಯಲ್ಲಿ ಕೂತು, ಪೇಪರು ಓದುತ್ತಿದ್ದರು. ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ಪ್ರಿಂಟರು ಕಿರ್‌ಗುಟ್ಟುವಾಗ ಕತ್ತು ಚಾಚಿ ನೋಡುತ್ತಿದ್ದರು.

‘ಅಬ್ಬಾ, ಇಷ್ಟು ಬೇಗ ಎಲ್ಲಾ ಗ್ರಹಾನೂ ಹಿಡಿದು ಕೂರಿಸ್ಬಿಡುತ್ತಲ್ಲಮ್ಮಣ್ಣಿ!’

ನನಗೆ ರೇಗುತ್ತಿತ್ತು. ನಾನು ಮೊದಲೇ ಮುಂಗೋಪಿ. ಗಿರಾಕಿಗಳೆದುರು ಈ ಅಜ್ಜ ಕೂತರೆ ಅಂಗಡಿಯ ಗತ್ತು ಏನಾಗಬೇಕು ಎಂದು ಒಳಗೊಳಗೇ ಗೊಣಗುತ್ತಿದ್ದೆ. ಎದ್ದು ಹೋಗಿ ಎನ್ನುವ ಧೈರ್ಯವೂ ಇರಲಿಲ್ಲ... ನನ್ನ ಜಾತಕ ಬರೆದವರೂ ಅವರೇ ಆಗಿದ್ದರು.

ಒಂದು ಸಲ ಕಂಪ್ಯೂಟರಿಗೆ ವೈರಸ್ ಬಂದು ಪೂರ್ತಿ ಕೈಕೊಟ್ಟಿತು. ಫಾರ್ಮ್ಯಾಟ್ ಮಾಡಿ, ಎಲ್ಲವನ್ನೂ ಹೊಸದಾಗಿ ಹಾಕಿದ್ದು ನಾನೇ. ಯಾರ ಸಹಾಯವೂ ಬೇಡವೆಂಬ ಜಂಬ. ಅದು ಕೇಳಿದ ಪ್ರಶ್ನೆಗಳನ್ನೆಲ್ಲ ಓದದೆ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋದೆ. ಅಂದಿನಿಂದ ಕಂಪ್ಯೂಟರಿನ ಮೂಲೆಯ ಗಡಿಯಾರ ಹುಚ್ಚು ಹುಚ್ಚಾಗಿ ಸಮಯ ತೋರಿಸತೊಡಗಿತು. ಕೈಯಲ್ಲಿ ಸರಿ ಮಾಡುತ್ತಿದ್ದೆ. ಇಂಟರ್‌ನೆಟ್ ಹಾಕಿದ ಸ್ವಲ್ಪ ಹೊತ್ತಿಗೆ ಅದು ತನ್ನಷ್ಟಕ್ಕೆ ತಾನೇ ಮತ್ತೆ ಹಿಂದಕ್ಕೆ ಹೋಗುತ್ತಿತ್ತು.

ಜೋಯಿಸರು ಒಂದು ಬೆಳಿಗ್ಗೆ ಒಂಬತ್ತಕ್ಕೆ ಬಂದವರು ಅದನ್ನು ನೋಡಿ ನಕ್ಕರು. ‘ಏನಮ್ಮಣ್ಣಿ, ನಿನ್ನ ಕಂಪ್ಯೂಟರ್‌ಗೆ ನಿನ್ನೆ ಸಾಯಂಕಾಲ ಇನ್ನೂ ಕಳೆದೇ ಇಲ್ವಾ?’

‘ಸೆಲ್ ವೀಕ್ ಆಗಿರ್ಬೇಕು ಬಿಡಿ ಜೋಯಿಸ್ರೇ’ ಎಂದೆ. ಮತ್ತೆ ಗಡಿಯಾರ ಸರಿಮಾಡಿದೆ. ಹೀಗೆ ಮೂರು ತಿಂಗಳು ತಳ್ಳಿದೆ.

ಆ ಮೂರು ತಿಂಗಳ ಕೊನೆಗೆ ಬಂದದ್ದು ಟೀಚರ್ ಮದುವೆಯ ಮಾತು. ಹಿಂದಿನ ಬೀದಿಯ ಹುಡುಗಿ ಅವಳು, ಪ್ರೈಮರಿ ಶಾಲೆಗೆ ಪಾಠ ಹೇಳಲು ಸೇರಿದ್ದಳು. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುತ್ತಿದ್ದವಳನ್ನು ನಾನು ತಮಾಷೆಗೆ ಟೀಚರ್ ಎಂದೇ ಕರೆಯುತ್ತಿದ್ದೆ. ಹುಡುಗ ಹೊಸಕೋಟೆಯ ಕಡೆಯವನು, ಫ್ಯಾಕ್ಟರಿಯಲ್ಲಿ ಕೆಲಸ. ತಂದೆಯಿಲ್ಲ. ತಾಯಿ ತರಕಾರಿ ಮಂಡಿಯಲ್ಲಿ ದುಡಿದು ಸಾಕಿದವಳು. ಹೆಣ್ಣು ನೋಡಿ ಹೋಗಿದ್ದರು, ಎರಡೂ ಕಡೆ ಒಪ್ಪಿಗೆಯಾಗಿತ್ತು. ಒಂದು ವಾರ ಇವಳ ಮುಖ ನೋಡಬೇಕಿತ್ತು... ಪ್ರಶ್ನೆಪತ್ರಿಕೆ ತಿದ್ದುವಾಗಲೂ ನಗುತ್ತಿದ್ದಳು. ಜಾತಕ ಒಂದು ಕಳಿಸಿಬಿಡಿ, ಶಾಸ್ತ್ರಕ್ಕೆ, ಎಂದು ಹೊಸಕೋಟೆಯವರು ಹೇಳಿದರು. ಜೋಯಿಸರು ಹಿಂದೆ ಬರೆದುಕೊಟ್ಟಿದ್ದನ್ನು ಗೆದ್ದಲು ತಿಂದಿತ್ತು, ನಕ್ಷತ್ರ ಯಾವುದೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳಪ್ಪ ಬಂದು ಹುಟ್ಟಿದ ದಿನ, ಗಂಟೆ ಬರೆದ ಚೀಟಿ ಕೊಟ್ಟು, ಸಂಜೆ ಬಂದು ಹಾಳೆಗಳನ್ನು ತೆಗೆದುಕೊಂಡು ಹೋದರು.

ನಕ್ಷತ್ರ ಆಶ್ಲೇಷ ಎಂದು ಬಂದಿತ್ತು.

ಆಶ್ಲೇಷದ ಹೆಣ್ಣು ಅತ್ತೆಯ ಜೀವಕ್ಕೆ ಆಗುವುದಿಲ್ಲ ಎನ್ನುವ ಮಾತು ನಮ್ಮ ಕಡೆ ಎಷ್ಟು ಗಟ್ಟಿಯೆಂದರೆ, ಅದನ್ನು ನಂಬದವರೂ ತಮ್ಮ ಮನೆಗೆ ಬಂದಾಗ ನಂಬುತ್ತಾರೆ. ಆ ಹುಡುಗನಿಗಿದ್ದದ್ದು ತಾಯಿಯೊಬ್ಬಳೇ. ನಾಲ್ಕನೇ ದಿನಕ್ಕೆ ಹೊಸಕೋಟೆಯಿಂದ ಬೇಡವೆಂದು ಫೋನ್ ಬಂತು. ಆ ಮಾತು ಒಮ್ಮೆ ಊರಲ್ಲಿ ಹರಡಿದರೆ ಬೇರೆ ಸಂಬಂಧವೂ ಹತ್ತಿರ ಸುಳಿಯುವುದು ಕಷ್ಟ.

ಮಧ್ಯಾಹ್ನದ ಹೊತ್ತು ಟೀಚರ್ ಒಬ್ಬಳೇ ಅಂಗಡಿಗೆ ಬಂದಳು. ಕಣ್ಣು ಊದಿತ್ತು. ವಾಪಸು ಬಂದ ಜಾತಕವನ್ನು ಮೇಜಿನ ಮೇಲಿಟ್ಟು, ಬಹಳ ಮೆಲ್ಲಗೆ ಕೇಳಿದಳು:

‘ಅಕ್ಕಾ, ನಕ್ಷತ್ರ ಮಾತ್ರ ಬದಲಾಯಿಸಿ ಇನ್ನೊಂದು ಪ್ರಿಂಟ್ ಹಾಕ್ಕೊಡೋಕಾಗುತ್ತಾ? ಬೇರೆ ಯಾರಾದ್ರೂ ಬಂದಾಗ ತೋರ್ಸೋಕೆ...’

ಮಕ್ಕಳು ಕಾಪಿ ಹೊಡೆದರೆ ಕಿವಿ ಹಿಂಡುವ ಹುಡುಗಿ! ನಾಳೆ ಬಾ ಎಂದು ಹೇಳಿ ಕಳಿಸಿದೆ. ಸುಳ್ಳು ಹೇಳುವುದಿಲ್ಲ, ಮಾಡಿಕೊಡಬೇಕೆಂದೇ ನಿಶ್ಚಯಿಸಿದ್ದೆ.

ಅವಳು ಹೋದ ಮೇಲೆ ಬೆಂಚಿನ ಮೇಲಿನ ಪೇಪರು ಕೆಳಗಿಳಿಯಿತು. ‘ಆ ಹಾಳೆ ಕೊಡಮ್ಮಣ್ಣಿ ಇಲ್ಲಿ’ ಎಂದರು ಜೋಯಿಸರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

‘ಇದು ಆ ಮಗೂದಲ್ಲ’ ಎಂದರು. ‘ಅವಳು ಹುಟ್ಟಿದ್ದು ನನಗೆ ನೆನಪಿದೆ. ನಾನು ಸೂರ್ಯನಿಗೆ ಅರ್ಘ್ಯ ಬಿಡ್ತಾ ನಿಂತಿದ್ದೆ, ಅವಳ ತಾತ ಓಡಿ ಬಂದು, ಈಗ ತಾನೇ ಹೆಣ್ಣುಮಗು ಆಯ್ತು, ಗಳಿಗೆ ಬರ್ಕೊಳ್ಳಿ ಅಂದ. ಸೂರ್ಯ ಹುಟ್ಟೋ ಹೊತ್ತಲ್ಲಿ ಹುಟ್ಟಿದೋರಿಗೆ ಸೂರ್ಯ ಲಗ್ನದ ಮನೇಲೇ, ಅಂದ್ರೆ ಪೂರ್ವದ ಅಂಚಲ್ಲೇ, ಇರ್ಬೇಕು. ಇದ್ರಲ್ಲಿ ನೋಡು, ಮುಳುಗಿ ಆಚೆ ಹೋಗಿದ್ದಾನೆ. ಬೆಳಗಿನ ಮಗೂನ ಸಾಯಂಕಾಲಕ್ಕೆ ಹಾಕ್ಬಿಟ್ಟಿದೆ.’

‘ಕಂಪ್ಯೂಟರ್ ತಪ್ಪು ಮಾಡಲ್ಲ ಜೋಯಿಸ್ರೇ.’

‘ಜಗಳ ಬೇಡ. ಈಗ, ಈ ನಿಮಿಷದಲ್ಲಿ, ನಮ್ಮೂರಲ್ಲೇ ಒಂದು ಮಗು ಹುಟ್ತು ಅಂದ್ಕೋ. ಅದಕ್ಕೊಂದು ಜಾತಕ ಹಾಕು, ನೋಡೋಣ.’

ಸಿಡುಕುತ್ತಲೇ ಅವತ್ತಿನ ತಾರೀಖು, ಆ ಹೊತ್ತಿನ ಗಂಟೆ ಒತ್ತಿದೆ. ಪ್ರಿಂಟರು ಕಿರ್‌ಗುಟ್ಟುವಾಗ ನನ್ನ ಬಾಯಿಂದ ಆ ಮಾತು ಬಂದುಬಿಟ್ಟಿತು: ‘ನಿಮ್ಮ ಕೈಗೆ ಕೆಲಸ ಇಲ್ಲ ಅಂತ ನನ್ನ ಕಂಪ್ಯೂಟರ್ ಮೇಲೆ ಯಾಕೆ ತಪ್ಪು ಹೊರಿಸ್ತೀರಾ?’

ಅವರ ಮುಖ ಚಿಕ್ಕದಾಯಿತು. ಹಾಳೆ ತೆಗೆದುಕೊಂಡು ನೋಡಿದರು, ಮೇಜಿನ ಮೇಲಿದ್ದ ನನ್ನ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಎರಡು ಸಾಲು ಬರೆದು, ನನ್ನ ಕಡೆ ಸರಿಸಿದರು. ‘ಸೂರ್ಯ ಇಲ್ಲಿಲ್ಲ. ಹೊರಗೆ ಹೋಗಿ ನೋಡು.’

ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಸೂರ್ಯ ನೆತ್ತಿಯ ಮೇಲಿದ್ದ. ನನ್ನ ನೆರಳು ನನ್ನ ಕಾಲಡಿಯಲ್ಲೇ ಇತ್ತು. ಒಳಗೆ ಬಂದೆ. ಅವರು ಚೌಕದ ಮೇಲೆ ಬೆರಳಿಟ್ಟು ತೋರಿಸಿದರು: ಲಗ್ನ ಇಲ್ಲಿದ್ದರೆ ನೆತ್ತಿ ಈ ಮನೆ, ಪಾತಾಳ ಆ ಮನೆ. ನನ್ನ ಕಂಪ್ಯೂಟರ್ ನಡುಮಧ್ಯಾಹ್ನದ ಸೂರ್ಯನನ್ನು ಪಾತಾಳದಲ್ಲಿ ಕೂರಿಸಿತ್ತು.

ಕುರ್ಚಿಯಲ್ಲಿ ಕೂತೆ. ಅವರು ಕುರ್ಚಿಯ ಹಿಂದೆ ಬಂದು ನಿಂತರು. ಒಂದೊಂದಾಗಿ ಕೇಳುತ್ತಾ ಹೋದರು, ಮಗುವಿಗೆ ಎಲ್ಲಿ ನೋವು ಎಂದು ಕೇಳುವ ಡಾಕ್ಟರ ಹಾಗೆ. ತಾರೀಖು ಸರಿಯಿದೆಯಾ? ಸರಿಯಿತ್ತು. ಗಂಟೆ? ಸರಿಯಿತ್ತು. ಊರು? ವಿಜಯಪುರದ ಅಕ್ಷಾಂಶ ರೇಖಾಂಶ, ಅವರ ಪಂಚಾಂಗದ್ದೇ. ನಶ್ಯ ಏರಿಸಿ ಕೇಳಿದರು:

‘ಊರು ನಮ್ಮದೇ ಸರಿ. ಗಂಟೆ ಯಾವ ಊರಿಂದಮ್ಮಣ್ಣಿ?’

ಅಷ್ಟು ಸಾಕಾಯಿತು. ಮೂಲೆಯ ಗಡಿಯಾರದ ಮೇಲೆ ಎರಡು ಸಲ ಒತ್ತಿದೆ. ದಿನಾ ಅಲ್ಲಿಗೇ ಹೋಗಿ ಮುಳ್ಳು ತಿರುಗಿಸಿ ಬರುತ್ತಿದ್ದೆ, ಪಕ್ಕದಲ್ಲಿದ್ದ ಟೈಮ್ ಜೋನ್ ಎನ್ನುವುದನ್ನು ಒಮ್ಮೆಯೂ ತೆರೆದಿರಲಿಲ್ಲ. ತೆರೆದರೆ ಪ್ರಪಂಚದ ನಕ್ಷೆ, ಅದರಲ್ಲಿ ಅಮೆರಿಕದ ಪಶ್ಚಿಮದ ಅಂಚು. ಫಾರ್ಮ್ಯಾಟ್ ಮಾಡಿದ ದಿನ ನಾನು ಓದದೆ ‘ನೆಕ್ಸ್ಟ್’ ಒತ್ತಿದ್ದೆನಲ್ಲ, ಅವತ್ತಿನಿಂದ ಈ ಪೆಟ್ಟಿಗೆ ಅಮೆರಿಕದಲ್ಲಿತ್ತು. ಜಾತಕದ ಸಾಫ್ಟ್‌ವೇರ್ ಅದನ್ನೇ ನಂಬಿಕೊಂಡು, ವಿಜಯಪುರದಲ್ಲಿ ಬೆಳಿಗ್ಗೆ ಆರಕ್ಕೆ ಹುಟ್ಟಿದ ಮಗುವನ್ನು ಅಮೆರಿಕದ ಆರು ಗಂಟೆಗೆ ಹುಟ್ಟಿಸುತ್ತಿತ್ತು. ಆ ಹೊತ್ತಿಗೆ ನಮ್ಮಲ್ಲಿ ಸಂಜೆ ಏಳೂವರೆ. ಹದಿಮೂರೂವರೆ ಗಂಟೆಯಲ್ಲಿ ಚಂದ್ರ ಪಕ್ಕದ ನಕ್ಷತ್ರಕ್ಕೆ ದಾಟಿಬಿಟ್ಟಿದ್ದ.

ಪಟ್ಟಿಯಲ್ಲಿ ಕೆಳಗಿಳಿದು ಚೆನ್ನೈ, ಕೋಲ್ಕತ್ತಾ, ಮುಂಬೈ, ದೆಹಲಿ ಎಂದಿದ್ದ ಸಾಲನ್ನು ಒತ್ತಿದೆ. ‘ಬೆಂಗಳೂರನ್ನ ಸೇರ್ಸಿಲ್ವಲ್ಲೇ ಇವ್ರು’ ಎಂದರು ಜೋಯಿಸರು ಬೇಜಾರಿನಿಂದ. ಗಡಿಯಾರ ಒಂದೇ ಏಟಿಗೆ ಮರುದಿನದ ಬೆಳಗಿನ ಜಾವಕ್ಕೆ ಹಾರಿತು, ಅದನ್ನು ಕೊನೆಯ ಸಲ ಕೈಯಲ್ಲಿ ಸರಿ ಮಾಡಿದೆ. ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದೆ. ಈಗ ಹುಟ್ಟಿದ ಮಗುವಿಗೆ ಸೂರ್ಯ ನೆತ್ತಿಗೆ ಬಂದ. ಆಮೇಲೆ ಟೀಚರ್ ಜಾತಕ ಹಾಕಿದೆ. ಸೂರ್ಯ, ಲಗ್ನ ಒಂದೇ ಮನೆಯಲ್ಲಿ. ನಕ್ಷತ್ರ ಪುಷ್ಯ. ಅತ್ತೆಗೂ ಭಯವಿಲ್ಲ, ಯಾರಿಗೂ ಭಯವಿಲ್ಲ. ಜೋಯಿಸರು ‘ಹಾಂ, ಇದು ನಮ್ಮ ಹುಡುಗಿ’ ಎಂದರು. ನಾನು ಅಳುಮುಂಜಿಯಲ್ಲ. ಅವತ್ತು ಅತ್ತುಬಿಟ್ಟೆ.

ಮರುದಿನವೇ ಸೂಲಿಬೆಲೆಯ ಮೇಲೆ ಹೋಗುವ ಬಸ್ಸಿನಲ್ಲಿ ನಾನೂ ಜೋಯಿಸರೂ ಹೊಸಕೋಟೆಗೆ ಹೋದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕಂಪ್ಯೂಟರಿನ ತಪ್ಪು, ನನ್ನ ತಪ್ಪು, ಕ್ಷಮಿಸಿ... ಹುಡುಗನ ತಾಯಿ ಬಾಗಿಲಲ್ಲೇ ನಿಂತು ಎರಡೂ ಹಾಳೆ ನೋಡಿ, ‘ಆವತ್ತೊಂದು, ಇವತ್ತೊಂದು. ಯಾವುದನ್ನ ನಂಬೋಣ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಜೋಯಿಸರು ಎರಡೂ ಕೈ ಜೋಡಿಸಿದರು.

‘ಮೊದಲನೇದು ನಾನು ಲೆಕ್ಕ ಹಾಕಿದ್ದು ತಾಯಿ. ಈ ಹುಡುಗಿ ಬರೀ ಅಚ್ಚು ಹಾಕಿದ್ಲು. ವಯಸ್ಸಾಯ್ತು ನೋಡಿ, ತಪ್ಪಿಬಿಟ್ಟೆ. ಇವಳು ಮತ್ತೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದ್ಮೇಲೆ ನನ್ನ ತಪ್ಪು ಗೊತ್ತಾಯ್ತು.’

ಆಯಮ್ಮ ಅವರನ್ನು ಒಂದು ಥರ ನೋಡಿದರು. ‘ಅಂದ್ರೆ ಕಂಪ್ಯೂಟರ್ ಹೇಳಿದ್ದು ಪುಷ್ಯನೇನಾ?’ ಎಂದು ನನ್ನನ್ನು ಕೇಳಿದರು. ನಾನು ಹೂಂ ಎಂದೆ. ಅಷ್ಟೇ, ಅದೊಂದೇ ಅಕ್ಷರ. ‘ಒಂದು ಹೆಣ್ಣಿನ ಬಾಳು ಹಾಳಾಗೋದಿತ್ತಲ್ಲ ಸ್ವಾಮಿ! ಕೈಲಾಗ್ದಿದ್ರೆ ಸುಮ್ನಿರ್ಬೇಕಪ್ಪ’ ಎಂದು ಜೋಯಿಸರಿಗೆ ಅಂದರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. ‘ಯಾಕೆ ಹಾಗಂದ್ರಿ?’

‘ಕಂಪ್ಯೂಟರ್ ತಪ್ಪು ಮಾಡ್ತು ಅಂದಿದ್ರೆ ಆಯಮ್ಮ ಎರಡನೇ ಹಾಳೇನೂ ನಂಬ್ತಿರ್ಲಿಲ್ಲ ಕಣಮ್ಮಣ್ಣಿ. ಮುದುಕ ತಪ್ಪು ಮಾಡ್ದ ಅಂದ್ರೆ ಎಲ್ರೂ ಒಪ್ಕೋತಾರೆ. ನಿನ್ನಂಗಡಿ ಇನ್ನೂ ಬಹಳ ದಿನ ನಡೀಬೇಕು.’

‘ನಿನ್ನೆ ನಾನು ಆಡಿದ ಮಾತು...’ ಎಂದು ಶುರು ಮಾಡಿದೆ. ಅವರು ನಶ್ಯದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ‘ಒಂದು ಚಿಟಿಕೆ ಏರಿಸು, ಎಲ್ಲಾ ಸರಿ ಹೋಗುತ್ತೆ.’ ಏರಿಸಿದೆ. ಸೂಲಿಬೆಲೆ ಬರುವವರೆಗೂ ಸೀನಿದೆ. ಬಸ್ಸಿನವರೆಲ್ಲ ನಕ್ಕರು, ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಮೂರು ತಿಂಗಳಲ್ಲಿ ಕೊಟ್ಟ ಜಾತಕಗಳು ನಲವತ್ತಕ್ಕೂ ಮೇಲಿದ್ದವು. ಎಲ್ಲವನ್ನೂ ಹೊಸದಾಗಿ ಪ್ರಿಂಟ್ ಹಾಕಿ, ಜೋಯಿಸರನ್ನು ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮನೆ ಮನೆಗೆ ಹೋದೆ. ಎಲ್ಲ ಬಾಗಿಲಲ್ಲೂ ಅವರದು ಅದೇ ಮಾತು: ‘ಲೆಕ್ಕ ತಪ್ಪಿದ್ದು ನಾನು, ಕಂಡುಹಿಡಿದದ್ದು ಕಂಪ್ಯೂಟರ್.’ ದಿನಾ ಅಂಗಡಿಯ ಬೆಂಚಿನ ಮೇಲೆ ಅವರನ್ನು ಕಂಡಿದ್ದ ಜನ ನಂಬಿದರು. ಕೆಲವರು ಪಾಪ ಎಂದರು. ಕೆಲವರು ಬೈದರು. ಇಲ್ಲದ ದೋಷಕ್ಕೆ ಶಾಂತಿ ಮಾಡಿಸಿದ್ದವರೊಬ್ಬರು ಬಾಗಿಲು ಮುಖಕ್ಕೇ ಹಾಕಿಕೊಂಡರು. ನಾನು ಪ್ರತಿ ಮನೆಯ ಮುಂದೆಯೂ ಇವತ್ತು ನಿಜ ಹೇಳಬೇಕು ಎಂದುಕೊಂಡು, ಸ್ಕೂಟಿ ಹಿಡಿದುಕೊಂಡು, ನಿಂತೇ ಇರುತ್ತಿದ್ದೆ.

ಟೀಚರ್ ಮದುವೆ ಚೆನ್ನಾಗಿ ಆಯಿತು. ಮುಹೂರ್ತಕ್ಕೆ ಬೇರೆ ಊರಿನಿಂದ ಯಾರನ್ನೋ ಕರೆಸಿದ್ದರು. ಅದಾದ ಮೇಲೆ ನಮ್ಮೂರಿನಲ್ಲೂ ಯಾರೂ ಜೋಯಿಸರ ಹತ್ತಿರ ಮುಹೂರ್ತ ಕೇಳಲು ಹೋಗಲಿಲ್ಲ. ಅವರಿಗೆ ಮರೆವು ಬಂದಿದೆಯಂತೆ ಎಂದು ಮಾತಾಡಿಕೊಂಡರು. ನನ್ನ ಅಂಗಡಿಗೆ ದೇವನಹಳ್ಳಿಯಿಂದಲೂ ಜನ ಬರತೊಡಗಿದರು.

ಅವರು ಮಾತ್ರ ದಿನಾ ಬರುವುದನ್ನು ಬಿಡಲಿಲ್ಲ. ಬಂದ ಕೂಡಲೇ, ‘ಇವತ್ತಿನ ಮಗೂನ ಹಾಕು’ ಎನ್ನುತ್ತಿದ್ದರು. ಆ ಗಳಿಗೆಗೆ ಒಂದು ಜಾತಕ ಹಾಕುವುದು, ಬೀದಿಗೆ ಹೋಗಿ ಸೂರ್ಯನನ್ನು ನೋಡಿ ಬರುವುದು, ಸರಿಯಿದ್ದರೆ ಅವತ್ತಿನ ಕೆಲಸ ಶುರು. ಆಮೇಲೆ ಆ ಇಲ್ಲದ ಮಗುವಿಗೆ ಭವಿಷ್ಯ ಬೇರೆ ಹೇಳುವರು. ‘ಇವನು ನಿನ್ನ ಹಾಗೇ ಸಿಡುಕ ಕಣೆ, ಆದ್ರೆ ಕೈ ಕೆಲಸದಲ್ಲಿ ಜಾಣ.’ ‘ಇವಳು ನೋಡು, ಊರೆಲ್ಲಾ ಮಾತಾಡಿಸ್ಕೊಂಡು ಬರ್ತಾಳೆ.’ ಅವರು ಹಾಸಿಗೆ ಹಿಡಿದ ಮೇಲೆ ನಾನೇ ಆ ಹಾಳೆಯನ್ನು ಅವರ ಮನೆಗೆ ಒಯ್ಯುತ್ತಿದ್ದೆ. ಕಿಟಕಿಯ ಕಡೆ ನೋಡಿ, ಹಾಳೆ ನೋಡಿ, ಸರಿಯಿದೆ ಎಂದು ತಲೆಯಾಡಿಸುತ್ತಿದ್ದರು. ಒಂದು ದಿನ ಹಾಳೆ ಹಿಡಿದುಕೊಂಡು ಹೋಗುವಷ್ಟರಲ್ಲಿ ಜಗಲಿಯ ಮುಂದೆ ಜನ ಸೇರಿದ್ದರು...

ಹೊಸ ಕಂಪ್ಯೂಟರ್ ಮೊದಲು ಕೇಳಿದ್ದೇ ಟೈಮ್ ಜೋನ್. ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿ ಒತ್ತಿದೆ. ಪಟ್ಟಿಯಲ್ಲಿ ಬೆಂಗಳೂರು ಈಗಲೂ ಇಲ್ಲ. ಅಷ್ಟರಲ್ಲಿ ಟೀಚರ್ ಬಂದಳು. ತವರಿಗೆ ಬಂದಿದ್ದಳು, ತಮ್ಮನಿಗೆ ಗಂಡುಮಗು ಹುಟ್ಟಿತ್ತು, ಜಾತಕ ಬೇಕಂತೆ. ಮೇಜಿನ ಮೇಲಿದ್ದ ಹಳೇ ಹಾಳೆ ನೋಡಿ ಅಕ್ಷರದ ಗುರುತು ಹಿಡಿದಳು.

‘ಪಾಪ, ಜೋಯಿಸ್ರು! ನನ್ನ ಮದುವೆನೇ ನಿಲ್ಲಿಸ್ತಿದ್ರಲ್ಲಕ್ಕ. ನಿಮ್ಮ ಕಂಪ್ಯೂಟರ್ ಕಾಪಾಡ್ತು. ನಮ್ಮತ್ತೆ ಇವತ್ತಿಗೂ ಅವರನ್ನ ಬೈತಾರೆ.’

ನನ್ನಿಂದ ತಡೆಯಲಾಗಲಿಲ್ಲ. ‘ಅವರು ತಪ್ಪು ಮಾಡ್ಲಿಲ್ಲ ಕಣೆ. ಅವರು ಲೆಕ್ಕಾನೇ ಹಾಕಿರ್ಲಿಲ್ಲ. ತಪ್ಪು ನಂದು’ ಎಂದೆ. ಎಲ್ಲವನ್ನೂ ಹೇಳಿದೆ. ಅಮೆರಿಕ, ಪಾತಾಳದ ಸೂರ್ಯ, ಹೊಸಕೋಟೆಯ ಬಾಗಿಲು, ನಾನು ಅಂದ ಆ ಹೂಂ. ಅವಳು ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದಳು.

‘ಇಷ್ಟು ವರ್ಷ ಯಾಕಕ್ಕಾ ಹೇಳ್ಲಿಲ್ಲ?’

ಮೊದಲು ಅಂಗಡಿ ಹೋಗುತ್ತದೆಂಬ ಭಯ. ಆಮೇಲೆ ನಾಚಿಕೆ. ಆಮೇಲೆ ಹೇಳಿ ಏನು ಪ್ರಯೋಜನ, ಅವರೇ ಇರಲಿಲ್ಲ. ಹಳೇ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿದೆ. ಅವಳು ಕಣ್ಣೊರೆಸಿಕೊಂಡು, ‘ಅತ್ತೆಗೆ ನಾನು ಹೇಳ್ತೀನಿ. ನಮ್ಮಪ್ಪಂಗೂ ಹೇಳ್ತೀನಿ’ ಎಂದಳು. ಹೇಳು ಎಂದೆ.

ಮಗುವಿನ ಜಾತಕ ಹಾಕಿದೆ. ಕೊನೆಯ ಹಾಳೆಯ ಕೆಳಗೆ ‘ಗಣಿತ ಮಾಡಿದವರು’ ಎಂದು ಒಂದು ಸಾಲಿರುತ್ತದೆ. ಇಷ್ಟು ವರ್ಷವೂ ಅಲ್ಲಿ ನನ್ನ ಅಂಗಡಿಯ ಹೆಸರಿತ್ತು. ಅದನ್ನು ಅಳಿಸಿದೆ. ಜೋಯಿಸರ ಪೂರ್ತಿ ಹೆಸರನ್ನು, ಅವರ ತಂದೆಯ ಹೆಸರಿನ ಸಮೇತ, ನಿಧಾನವಾಗಿ ಟೈಪ್ ಮಾಡಿದೆ. ಈ ಲೆಕ್ಕವನ್ನೂ ಅವರು ಹಾಕಿದ್ದಲ್ಲ. ಹಾಕದ ಲೆಕ್ಕದ ತಪ್ಪನ್ನು ನಲವತ್ತು ಬಾಗಿಲುಗಳಲ್ಲಿ ತಮ್ಮದೆಂದರು, ಒಂದು ಸರಿಯಾದ ಹಾಳೆಯೂ ಅವರ ಹೆಸರಿನಲ್ಲಿ ಇರಲಿ.

ಟೀಚರ್ ಹಾಳೆ ತೆಗೆದುಕೊಂಡು ಆ ಸಾಲನ್ನು ಓದಿದಳು. ‘ಇದಾ ಅವರ ಹೆಸರು? ನನಗೆ ಗೊತ್ತೇ ಇರ್ಲಿಲ್ಲ’ ಎಂದಳು. ಅವಳು ಹೋದ ಮೇಲೆ ಅವತ್ತಿನ ಮಗುವಿಗೂ ಒಂದು ಜಾತಕ ಹಾಕಿ, ಮೆಟ್ಟಿಲಿಗೆ ಹೋಗಿ ಸೂರ್ಯನನ್ನು ನೋಡಿ ಬಂದೆ. ಸರಿಯಿದೆ ಜೋಯಿಸ್ರೇ, ಎಂದೆ. ಬೆಂಚಿನ ತುದಿಯಲ್ಲಿ ಯಾರೂ ಇರಲಿಲ್ಲ.